ಇಲ್ಲವೋ, ಸಿಗಲಿಲ್ಲವೋ? ಕೊಳಚೆ ನೀರಿನಲ್ಲಿ ರೋಗಾಣು ಹುಡುಕುವ ಕೆಲಸ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಸ್ವಲ್ಪ ಮುಂಚೆ ಕೊಳಚೆ ನೀರಿನ ಬಗ್ಗೆ ಮಾತಾಡಲು ಕರೆದಿದ್ದೀರಿ. ತಪ್ಪು ನನ್ನದಲ್ಲ, ವೇಳಾಪಟ್ಟಿ ಮಾಡಿದವರದು.

ಮೊದಲು ಈ ಬಟ್ಟೆಯನ್ನು ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಹೊಸದು, ಹೆದರಬೇಡಿ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ. ನಾಲ್ಕಡಿ ಉದ್ದದ ಪಟ್ಟಿಯನ್ನು ಮಡಚಿ ಮಡಚಿ, ನಡುವಿಗೆ ಗಾಳದ ನೈಲಾನ್ ದಾರ ಬಿಗಿದಿದ್ದೇನೆ. ಇದರ ಹೆಸರು ಮೂರ್ ಸ್ವಾಬ್. ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿವೆ, ಅವನ್ನೆಲ್ಲ ಬಿಟ್ಟು ಇದನ್ನೇ ಯಾಕೆ ತಂದೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಇದೇ ಕೋಲಾರ ತಾಲ್ಲೂಕಿನ ಒಂದು ಕೆರೆ ಏರಿಯ ಕೆಳಗೆ ಕೂತು ಸ್ಯಾಂಪಲ್ ಬಾಟಲಿಗೆ ನೀರು ತುಂಬುತ್ತಿದ್ದೆ. ಟೊಮೆಟೊ ಕ್ರೇಟ್ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ ರೈತರೊಬ್ಬರು ಗಾಡಿ ನಿಲ್ಲಿಸಿದರು. "ಇದು ಕೆಸಿ ವ್ಯಾಲಿ ನೀರು ಅಲ್ವಾ ಸಾರ್? ಇದ್ರಲ್ಲಿ ಕ್ರಿಮಿ ಐತಾ ಇಲ್ವಾ, ಒಂದ್ ಮಾತಲ್ಲಿ ಹೇಳಿ" ಅಂದರು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯ ನೀರು ಅದು. ಹೇಳೋಕಾಗಲಿಲ್ಲ. "ರಿಪೋರ್ಟ್ ಬರಲಿ" ಎಂದು ಜಾರಿಕೊಂಡೆ. ರಿಪೋರ್ಟ್ ಬಂತು, ಆದರೂ ಒಂದು ಮಾತಲ್ಲಿ ಹೇಳುವ ಹಾಗಿರಲಿಲ್ಲ. ಇವತ್ತಿನ ಮಾತು ಅವರಿಗೆ ಕೊಡಬೇಕಾಗಿದ್ದ ಉತ್ತರ ಅಂದುಕೊಳ್ಳಿ.

ನಮ್ಮ ಕಸುಬಿನಲ್ಲಿ ‘ಇಲ್ಲ’ ಎಂಬ ಪದ ಬರೆಯುವಂತಿಲ್ಲ. ‘ಸಿಗಲಿಲ್ಲ’ ಎಂದಷ್ಟೇ ಬರೆಯಬಹುದು. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಲು ಹೋದವನು ಬಂದು "ಸಿಗಲಿಲ್ಲ" ಅಂದರೆ ಮನೆಯವರು ಸುಮ್ಮನಿರುತ್ತಾರೆಯೇ? ಎಲ್ಲಿ ನೋಡಿದೆ, ಯಾವ ಹೊತ್ತಲ್ಲಿ ನೋಡಿದೆ, ತೋಪಿನ ಕಡೆ ಹೋಗಿದ್ದೆಯಾ ಎಂದು ಕೇಳುತ್ತಾರೆ. ನೀರಿನ ರಿಪೋರ್ಟ್ ಕೈಗೆ ಬಂದಾಗ ಮಾತ್ರ ಈ ಪ್ರಶ್ನೆಗಳನ್ನು ನಾವು ಯಾರೂ ಕೇಳುವುದಿಲ್ಲ.

ಕೊಳಚೆ ನೀರಿನ ಘಟಕದಲ್ಲಿ ಆಗುವುದೇನು? ನೀರಿಗೆ ಗಾಳಿ ಊದಿ, ಅದರೊಳಗಿನ ನಿರುಪದ್ರವಿ ಸೂಕ್ಷ್ಮಜೀವಿಗಳನ್ನು ಸಾಕಿ, ಅವು ಕೊಳೆಯನ್ನು ತಿಂದು ಹೆಪ್ಪುಗಟ್ಟಿ ತಳಕ್ಕೆ ಕೂರುವಂತೆ ಮಾಡುವುದು. ತಳದ ಕೆಸರಿನಲ್ಲಿ ಸ್ವಲ್ಪವನ್ನು ಮತ್ತೆ ಹೊಸ ನೀರಿಗೆ ಸೇರಿಸುತ್ತಾರೆ, ನಾವು ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ. ಈ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರ ಬೆನ್ನಹಿಂದೆ ಇದ್ದವರು ಗಿಲ್ಬರ್ಟ್ ಫೌಲರ್. ಅದೇ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಆದರು. ಈ ವಿದ್ಯೆಯ ಬೇರು ನಮ್ಮ ಪಕ್ಕದಲ್ಲೇ ನೂರು ವರ್ಷದಿಂದ ಇದೆ ಎಂದು ಹೇಳಿದರೆ ಬೆಂಗಳೂರಿನ ಕೆರೆಗಳ ನೊರೆ ನೋಡಿದವರು ನಗುತ್ತಾರೆ, ಇರಲಿ.

ಗಮನಿಸಿ, ಈ ವಿಧಾನ ಹುಟ್ಟಿದ್ದು ಕೊಳೆ ತೆಗೆಯುವುದಕ್ಕೆ. ರೋಗಾಣುಗಳು ಕಡಿಮೆಯಾಗುವುದು ಜೊತೆಗೆ ಸಿಗುವ ಲಾಭ. ಎಷ್ಟು ಕಡಿಮೆ? ಇಲ್ಲಿ ವಿದ್ಯಾರ್ಥಿಗಳಿದ್ದೀರಿ, ಅಂಕದ ಭಾಷೆಯಲ್ಲೇ ಹೇಳುತ್ತೇನೆ. ಒಳಗೆ ಬರುವ 100 ಮಿಲಿಲೀಟರ್ ಕೊಳಚೆಯಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಒಂದು ಕೋಟಿ ಇವೆ ಅನ್ನೋಣ, ಅದು ಅಸಹಜ ಸಂಖ್ಯೆಯೇನಲ್ಲ. ಘಟಕ ನೂರಕ್ಕೆ 99 ಅಂಕ ತೆಗೆಯಿತು. ಶಾಲೆಯಲ್ಲಾದರೆ ಹಾರ ಹಾಕುತ್ತಿದ್ದೆವು. ಇಲ್ಲಿ ಇನ್ನೂ ಒಂದು ಲಕ್ಷ ಉಳಿದಿವೆ. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಅದು ಸಾವಿರದೊಳಗೆ ಇರಬೇಕು. 2019ರಲ್ಲಿ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿಗೊಳಿಸಿ 230 ಅಂದಿತು. ಅಂದರೆ 99.99 ಅಂಕ ತೆಗೆದರೂ ಪಾಸಾಗುವುದು ಕಷ್ಟ. ಕೆರೆಗೆ ಬಿಡುವ ಮುಂಚೆ ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಈ ಜಿಲ್ಲೆಯವರು ವರ್ಷಗಟ್ಟಲೆ ಕೂಗುತ್ತಿರುವುದರ ಹಿಂದಿನ ಲೆಕ್ಕ ಇದೇ. ಗಾಳಿ ಊದುವ ಈ ಎರಡನೇ ಹಂತದಲ್ಲಿ ಕೊಳೆ ಹೋಗುತ್ತದೆ, ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ. ಕಣ್ಣು ಮೋಸ ಹೋಗುವುದೂ ಅಲ್ಲೇ.

ಈಗ ಎಣಿಸುವ ಕೆಲಸಕ್ಕೆ ಬರೋಣ. ಸಾಲಾಗಿ ಪರೀಕ್ಷಾ ನಳಿಕೆಗಳು. ಒಳಗೆ ಪಿತ್ತಲವಣ ಮತ್ತು ಹಾಲಿನ ಸಕ್ಕರೆ ಬೆರೆತ ನೇರಳೆ ಬಣ್ಣದ ದ್ರವ, ಅದರೊಳಗೆ ತಲೆಕೆಳಗಾಗಿ ಮುಳುಗಿಸಿದ ಕಿರುಬೆರಳಿನಷ್ಟು ಚಿಕ್ಕದೊಂದು ಗಾಜಿನ ಕೊಳವೆ. ಮೊದಲ ಐದಕ್ಕೆ 10 ಮಿಲಿ ನೀರು, ಮುಂದಿನ ಐದಕ್ಕೆ 1, ಆಮೇಲಿನ ಐದಕ್ಕೆ 0.1. ಕೊಳಚೆಯಾದರೆ ಇನ್ನೂ ಎಷ್ಟೋ ಪಟ್ಟು ತೆಳುವು ಮಾಡಬೇಕು. ರಾತ್ರಿ ಬೆಚ್ಚಗಿಟ್ಟು ಬೆಳಿಗ್ಗೆ ಬಾಗಿಲು ತೆಗೆದರೆ ಕೆಲವು ನಳಿಕೆಗಳು ಹಳದಿಯಾಗಿರುತ್ತವೆ, ಒಳಗಿನ ಪುಟ್ಟ ಕೊಳವೆಯಲ್ಲಿ ಗುಳ್ಳೆ ನಿಂತಿರುತ್ತದೆ. ಸಕ್ಕರೆ ತಿಂದು ಹುಳಿ ಮಾಡಿ ಅನಿಲ ಬಿಟ್ಟವರು ಒಳಗಿದ್ದಾರೆ ಎಂದರ್ಥ. ಅಲ್ಲಿಂದ ಒಂದು ಹನಿ ತೆಗೆದು 44.5 ಡಿಗ್ರಿಯಲ್ಲಿ ಮತ್ತೆ ಬೆಳೆಸಿ, ಇಎಂಬಿ ಎಂಬ, ಬಣ್ಣ ಬೆರೆಸಿದ ಆಹಾರದ ತಟ್ಟೆಯ ಮೇಲೆ ಗೀರಿದರೆ ಕೋಲಿಫಾರ್ಮ್ ಗುಂಪಿಗೇ ಸೇರಿದ ಈ.ಕೋಲಿ ಜೀರ್ಜಿಂಬೆಯ ಬೆನ್ನಿನ ಹಸಿರು ಹೊಳಪು ಕೊಡುತ್ತದೆ. ಮೂವತ್ತು ವರ್ಷ ನೋಡಿದರೂ ಆ ಹೊಳಪು ಬೇಸರ ಬಂದಿಲ್ಲ. ಎಷ್ಟು ನಳಿಕೆ ಹಳದಿಯಾದವು ಎಂಬುದನ್ನು ಕೋಷ್ಟಕದಲ್ಲಿ ಹುಡುಕಿದರೆ ಒಂದು ಸಂಖ್ಯೆ ಸಿಗುತ್ತದೆ. ರಿಪೋರ್ಟಿನಲ್ಲಿ ಎಂಪಿಎನ್ ಎಂದಿರುವುದು ಅದೇ. ಒಂದೊಂದಾಗಿ ಎಣಿಸಿದ್ದಲ್ಲ, ಹೀಗಿರಬಹುದು ಎಂಬ ಅಂದಾಜು.

ಇಷ್ಟೆಲ್ಲ ಮಾಡಿ ಹಿಡಿದಿದ್ದು ಯಾರನ್ನು? ಈ.ಕೋಲಿಯ ಬಹುಪಾಲು ತಳಿಗಳು ನಮ್ಮ ಕರುಳಿನಲ್ಲಿ ತಣ್ಣಗೆ ಬದುಕಿಕೊಂಡಿರುವಂಥವು. ಅದು ಇದ್ದರೆ ಮಲ ಸೇರಿದೆ, ಮಲ ಸೇರಿದ್ದರೆ ಟೈಫಾಯಿಡ್, ಆಮಶಂಕೆ, ಕಾಲರಾದ ಬ್ಯಾಕ್ಟೀರಿಯಾಗಳೂ ಬಂದಿರಬಹುದು ಎಂಬ ಊಹೆ ಅಷ್ಟೇ. ಹೊಗೆ ನೋಡಿ ಬೆಂಕಿ ಊಹಿಸಿದಂತೆ. ಒಳ್ಳೆಯ ಊಹೆ, ಅಗ್ಗದ್ದು, ನೂರು ವರ್ಷಕ್ಕೂ ಹೆಚ್ಚು ಕಾಲ ಜನರನ್ನು ಕಾಪಾಡಿದೆ. ಆದರೆ ಹೊಗೆಯಿಲ್ಲದ ಬೆಂಕಿಯೂ ಇದೆ.

ಅದಕ್ಕೂ ಮುಂಚೆ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಘಟಕದಿಂದ ಹೊರಬರುವ ನೀರಿನ ಸ್ಯಾಂಪಲ್ ತಂದಿದ್ದೆ. ಮೂರು ವಾರ ಸತತವಾಗಿ ಒಂದೂ ನಳಿಕೆ ಹಳದಿಯಾಗಲಿಲ್ಲ. ಘಟಕದವರಿಗೆ ಸಂತೋಷ, ನನಗೂ ಸಂತೋಷ. ನಮ್ಮ ಹಿರಿಯ ಟೆಕ್ನಿಷಿಯನ್ ಮೇಡಂ ಮಾತ್ರ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಈಜುಕೊಳದ ವಾಸನೆ ಬರ್ತಿದೆಯಲ್ಲಪ್ಪಾ, ಥಯೋಸಲ್ಫೇಟ್ ಹಾಕಿದ್ದೀಯಾ?" ಅಂದರು. ಹಾಕಿರಲಿಲ್ಲ. ಕ್ಲೋರಿನ್ ಹಾಕಿದ ನೀರನ್ನು ತುಂಬುವ ಬಾಟಲಿಯಲ್ಲಿ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಕೊಲ್ಲುತ್ತಲೇ ಬರುತ್ತದೆ. ಹೊಂಡದಲ್ಲಿ ಜೀವಂತ ಇದ್ದವು ನನ್ನ ಬೈಕಿನ ಡಬ್ಬಿಯಲ್ಲಿ ಸತ್ತಿದ್ದವು. ಸರಿಯಾದ ಬಾಟಲಿಯಲ್ಲಿ ತಂದ ನಾಲ್ಕನೇ ವಾರ ಅರ್ಧಕ್ಕಿಂತ ಹೆಚ್ಚು ನಳಿಕೆಗಳು ಹಳದಿ. ಆ ಮೂರು ರಿಪೋರ್ಟುಗಳನ್ನು ವಾಪಸ್ ಕೇಳಲು ಹೋದ ದಿನದ ಮುಜುಗರ ಇನ್ನೂ ನೆನಪಿದೆ.

ನಾವು ಕೊಟ್ಟ ಊಟದಲ್ಲಿ ಬೆಳೆಯಲು ಒಪ್ಪದ, ಆದರೆ ಸತ್ತೂ ಇರದ ಬ್ಯಾಕ್ಟೀರಿಯಾಗಳ ಕಥೆ ಬೇರೆ. ಅಮೆರಿಕದ ರೀಟಾ ಕಾಲ್ವೆಲ್ ಮತ್ತು ಜೊತೆಗಾರರು 1982ರಲ್ಲಿ ಕಾಲರಾ ಬ್ಯಾಕ್ಟೀರಿಯಾದಲ್ಲಿ ಇದನ್ನು ತೋರಿಸಿದರು. ಕಷ್ಟ ಬಂದಾಗ ಅದು ಮುದುಡಿ ಸುಪ್ತವಾಗುತ್ತದೆ, ತಟ್ಟೆಯ ಮೇಲೆ ಮೂಡುವುದಿಲ್ಲ. ಇದೇ ಕಾಲ್ವೆಲ್ ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ 48 ಶೇಕಡಾ ಇಳಿಯುತ್ತದೆ ಎಂದೂ ತೋರಿಸಿದರು. ಬ್ಯಾಕ್ಟೀರಿಯಾ ಅಂಟಿಕೊಂಡಿದ್ದ ನೀರಿನ ಸಣ್ಣ ಜೀವಿಗಳು ಸೀರೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು.

ಬೆಳೆಯದವುಗಳನ್ನು ಹಿಡಿಯಲು ಪಿಸಿಆರ್ ಬಂತು. ಕೋವಿಡ್ ದೆಸೆಯಿಂದ ಆ ಪದವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಗಂಟೆಗಳಲ್ಲಿ ಉತ್ತರ ಸಿಗುತ್ತದೆ, ಇಂಥದ್ದೇ ಬ್ಯಾಕ್ಟೀರಿಯಾ ಎಂದು ಹೆಸರು ಹಿಡಿದು ಕರೆಯಬಹುದು. ತೊಡಕು ಎರಡು. ಕೆಸರಿನಲ್ಲಿರುವ ಹ್ಯೂಮಿಕ್ ಆಮ್ಲದಂಥ ವಸ್ತುಗಳು ಡಿಎನ್ಎ ನಕಲು ಮಾಡುವ ಕಿಣ್ವದ ಕೈಕಟ್ಟಿ ಹಾಕುತ್ತವೆ, ಇದ್ದದ್ದೂ ಸಿಗದಂತಾಗುತ್ತದೆ. ಇನ್ನೊಂದು ಇದಕ್ಕೆ ಉಲ್ಟಾ. ಕ್ಲೋರಿನ್ನಿಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಕೂಡ ನೀರಲ್ಲಿ ತೇಲುತ್ತಿರುತ್ತದೆ, ಯಂತ್ರ ಅದನ್ನೂ ಎಣಿಸುತ್ತದೆ. ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದ ಹಾಗೆ. ಹೊರಪೊರೆ ಹರಿದ ಕೋಶಗಳೊಳಗೆ ಮಾತ್ರ ನುಗ್ಗಿ ಡಿಎನ್ಎಯನ್ನು ಕಟ್ಟಿಹಾಕುವ ಪಿಎಂಎ ಎಂಬ ಬಣ್ಣವನ್ನು ಮೊದಲೇ ಹಾಕಿ ಈ ಗೊಂದಲವನ್ನು ತಕ್ಕಮಟ್ಟಿಗೆ ಕಳೆಯುತ್ತಾರೆ.

ಹೊಗೆಯಿಲ್ಲದ ಬೆಂಕಿ ಎಂದೆನಲ್ಲ, ಅದು ನಾರ್ವೆಯ ಸಾರ್ಪ್ಸ್‌ಬೋರ್ಗ್ ಪಟ್ಟಣದ ಕಥೆ. 2005ರಲ್ಲಿ ಅಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಹರಡಿ ಹತ್ತು ಮಂದಿ ಸತ್ತರು. ಮೊದಲು ಒಂದು ಕಾರ್ಖಾನೆಯ ಗಾಳಿ ತೊಳೆಯುವ ಯಂತ್ರದ ಮೇಲೆ ಅನುಮಾನ ಹೋಯಿತು. 2008ರಲ್ಲಿ ರೋಗ ಮತ್ತೆ ಕಾಣಿಸಿಕೊಂಡಾಗ, ತ್ಯಾಜ್ಯನೀರಿಗೆ ಗಾಳಿ ಊದುವ ಅದೇ ಕಾರ್ಖಾನೆಯ ಬೆಚ್ಚನೆಯ ಹೊಂಡಗಳಲ್ಲೇ ಆ ಬ್ಯಾಕ್ಟೀರಿಯಾ ರಾಶಿರಾಶಿಯಾಗಿ ಬೆಳೆದಿದ್ದು ತಿಳಿದು ಹೊಂಡಗಳನ್ನು ಮುಚ್ಚಿದರು. ಲೀಜಿಯೊನೆಲ್ಲಾ ಮಲದಿಂದ ಬರುವುದಲ್ಲ. ಕೋಲಿಫಾರ್ಮ್ ಲೆಕ್ಕ ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಇದ್ದಿಲು ಬೆರೆಸಿದ ಕಪ್ಪು ತಟ್ಟೆ ಬೇಕು, ಬೇರೆ ಬ್ಯಾಕ್ಟೀರಿಯಾ ಮೇಲೆ ಬೀಳದಂತೆ ಸ್ಯಾಂಪಲ್ಲನ್ನು ಮೊದಲು ಕಾಯಿಸಬೇಕು ಇಲ್ಲವೇ ಆಮ್ಲ ಹಾಕಬೇಕು, ಆಮೇಲೆ ದಿನಗಟ್ಟಲೆ ಕಾಯಬೇಕು. ಘಟಕಗಳಲ್ಲಿ ತುಂತುರಿನ ನಡುವೆ ದುಡಿಯುವವರ ಎದೆಗೆ ಸಂಬಂಧಿಸಿದ ಈ ಪರೀಕ್ಷೆ ದಿನನಿತ್ಯದ ರಿಪೋರ್ಟಿನಲ್ಲಿ ಇರುವುದೇ ಇಲ್ಲ. ನನಗೆ ಇದು ಬಹಳ ಬೇಸರದ ಸಂಗತಿ.

ಬಟ್ಟೆ ಎಲ್ಲಿಗೆ ಬಂತು? ಸರಿ, ಇನ್ನು ಅದರ ಕಥೆ. ಟೈಫಾಯಿಡ್ ತರಹದ ಜ್ವರ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಉಳಿದುಬಿಡುತ್ತದೆ. ಅವರಿಗೆ ಕಾಯಿಲೆಯಿಲ್ಲ, ಆಗಾಗ ಮಲದಲ್ಲಿ ಹೊರಬೀಳುತ್ತಿರುತ್ತದೆ. ಊರಿಡೀ ಕೊಳಚೆಯಲ್ಲಿ ಅಂಥವರ ಪಾಲು ಎಷ್ಟು? ನೀವು ಬೆಳಿಗ್ಗೆ ಹತ್ತೂವರೆಗೆ ಒಂದು ಬಾಟಲಿ ಮುಳುಗಿಸಿದರೆ ಅದು ಆ ಕ್ಷಣದಲ್ಲಿ ಹಾದುಹೋಗಬೇಕಲ್ಲ! 1948ರಲ್ಲಿ ಇಂಗ್ಲೆಂಡಿನ ಮೂರ್ ಎಂಬ ಸೂಕ್ಷ್ಮಜೀವಿ ತಜ್ಞರು, ಪ್ಯಾರಾಟೈಫಾಯಿಡ್ ಹರಡಿಸುತ್ತಿದ್ದವರನ್ನು ಹುಡುಕಲು ಇಂಥ ಬಟ್ಟೆಯನ್ನು ಒಳಚರಂಡಿಗೆ ಇಳಿಬಿಟ್ಟು ದಿನಗಟ್ಟಲೆ ಬಿಟ್ಟ ಪದ್ಧತಿಯನ್ನು ಪ್ರಕಟಿಸಿದರು. ಹರಿಯುವ ನೀರನ್ನೆಲ್ಲ ಬಟ್ಟೆ ಸೋಸುತ್ತಾ ಕೂತಿರುತ್ತದೆ. ಸಿಕ್ಕಿದ ಕವಲನ್ನು ಹಿಡಿದು ಮೇಲಕ್ಕೆ ಮೇಲಕ್ಕೆ ಹೋಗುವುದು.

ಚಿಲಿ ದೇಶದ ಸಾಂಟಿಯಾಗೊದಲ್ಲಿ 1980ರ ದಶಕದಲ್ಲಿ ಇದೇ ಬಟ್ಟೆ ಕಾಲುವೆಗೆ ಇಳಿಯಿತು. ಕುಡಿಯುವ ನೀರು ಚೆನ್ನಾಗಿತ್ತು, ಆದರೂ ಟೈಫಾಯಿಡ್ ಬಿಡುತ್ತಿರಲಿಲ್ಲ. ಊರಿನ ಕೊಳಚೆ ಸೇರಿದ ನದಿ ನೀರು ಹೊಲಕ್ಕೆ, ಹೊಲದ ಸೊಪ್ಪು ತರಕಾರಿ ಹಸಿಯಾಗಿ ತಟ್ಟೆಗೆ. ನೀರಾವರಿ ನೀರಿನಲ್ಲಿ ಟೈಫಾಯಿಡ್ ಬ್ಯಾಕ್ಟೀರಿಯಾವನ್ನು ಬಟ್ಟೆ ಹಿಡಿದುಕೊಟ್ಟಿತು. ಆದರೂ ಸರ್ಕಾರ ಕದಲಿದ್ದು 1991ರಲ್ಲಿ ಕಾಲರಾ ಹೆದರಿಕೆ ಬಂದ ಮೇಲೆ. ಹಸಿಯಾಗಿ ತಿನ್ನುವ ಬೆಳೆಗೆ ಕೊಳಚೆ ಹಾಯಿಸುವುದನ್ನು ನಿಲ್ಲಿಸಿದರು, ಟೈಫಾಯಿಡ್ ಧಡಕ್ಕನೆ ಇಳಿಯಿತು.

ಆ ಟೊಮೆಟೊ ರೈತರು ಈಗ ಸಿಕ್ಕರೆ ನಾನೇ ಅವರನ್ನು ಕೇಳಬೇಕು: ಈ ನೀರು ನಿಮ್ಮಲ್ಲಿ ಯಾವುದನ್ನು ಮುಟ್ಟುತ್ತದೆ? 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಹೇಳಿದ್ದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುತ್ತೇವೆ ಎಂದು. ಮಣ್ಣಿನಲ್ಲಿ ಇಂಗಿ ಬೋರ್‌ವೆಲ್ಲಿಗೆ ಬರುವಷ್ಟರಲ್ಲಿ ಮಣ್ಣು ಬಹಳಷ್ಟು ಬ್ಯಾಕ್ಟೀರಿಯಾವನ್ನು ಸೋಸುತ್ತದೆ. ಕೆರೆಗೇ ಮೋಟರ್ ಇಟ್ಟು ಕೊತ್ತಂಬರಿ ಮಡಿಗೆ ಹಾಯಿಸಿದರೆ ಆ ಸೋಸುವಿಕೆ ಇಲ್ಲ. ಅದೇ ಕೆರೆ, ಅದೇ ರಿಪೋರ್ಟ್, ಉತ್ತರ ಎರಡು.

ಕೊನೆಯ ಸಾಲಿನವರು ಬಟ್ಟೆಯನ್ನು ಮುಂದಕ್ಕೆ ಕಳಿಸಿ. ನಿಮ್ಮ ಕಾಲೇಜಿನ ಅಂತಿಮ ವರ್ಷದ ನಾಲ್ವರು ನಾಳೆ ಬೆಳಿಗ್ಗೆ ಕೈಗವಸು, ಬೂಟು ಹಾಕಿಕೊಂಡು ನನ್ನ ಜೊತೆ ಬರುತ್ತಿದ್ದಾರೆ. ಕೆರೆಗೆ ನೀರು ಬೀಳುವ ಕಡೆ ಒಂದು, ಕೋಡಿ ಹತ್ತಿರ ಒಂದು ಕಟ್ಟುತ್ತೇವೆ. ಮೂರು ದಿನ ಬಿಟ್ಟು ತೆಗೆಯುತ್ತೇವೆ. ದಾರ ಕಂಡವರು ದಯವಿಟ್ಟು ಮೀನು ಬಿದ್ದಿದೆ ಎಂದು ಎಳೆಯಬೇಡಿ.