ಉಸಿರಿಗೆ ಒಂದು ಲೆಕ್ಕ, ಬಟ್ಟೆಗೆ ಇನ್ನೊಂದು

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದಕ್ಕೆ, ಹಾಕುವ ಎರಡು ಸೂಟ್ ಇಟ್ಟಿದ್ದೇನೆ. ಎಡಗಡೆಯದು 3 ಮಿಲಿಮೀಟರಿನ ವೆಟ್‌ಸೂಟ್. ಸುತ್ತಿ ಇಟ್ಟರೆ ಶಾಲೆ ಮಕ್ಕಳ ಬ್ಯಾಗಿನಲ್ಲಿ ಹಿಡಿಸುತ್ತದೆ. ಬಲಗಡೆಯದು ನೀರು ಒಳಗೆ ಬರದ ಡ್ರೈಸೂಟ್. ಅದರ ಒಳಉಡುಪು, ಬೂಟು ಎಲ್ಲ ಸೇರಿದರೆ ಒಂದು ಸೂಟ್‌ಕೇಸ್ ತುಂಬಿತು. ಮೊದಲನೆಯದು ಮುರ್ಡೇಶ್ವರದ ಆಚೆ ಕಡಲಲ್ಲಿರುವ ನೇತ್ರಾಣಿ ದ್ವೀಪಕ್ಕೆ, ಎರಡನೆಯದು ನಾನು ಈಗಿರುವ ಸ್ಕಾಟ್ಲೆಂಡಿಗೆ.

"ಎರಡು ಕಡೆಗೂ ಆಗುವಂಥ ಒಂದೇ ಸೆಟ್ ಹೇಳಿ ಮಾರಾಯ್ರೇ" ಎಂದು ಕೇಳಿದವರು ಈ ಸಭೆಯಲ್ಲೇ ನಾಲ್ಕೈದು ಜನ ಇದ್ದೀರಿ. ಅಂಥ ಸೆಟ್ ಇಲ್ಲ. ಹಾಗೆಂದು ಎಲ್ಲವನ್ನೂ ಎರಡೆರಡು ಕೊಳ್ಳುವುದೂ ಬೇಡ. ಉಸಿರಾಟಕ್ಕೆ ಬೇಕಾದದ್ದನ್ನು ತಣ್ಣೀರಿನ ಲೆಕ್ಕ ಹಿಡಿದು ಕೊಳ್ಳಿ, ಬೆಚ್ಚನೆ ನೀರಿನಲ್ಲೂ ಅದು ನಡೆಯುತ್ತದೆ. ಮೈಗೆ ಹಾಕಿಕೊಳ್ಳುವುದನ್ನು ಮಾತ್ರ ಆಯಾ ನೀರಿಗೆ ತಕ್ಕ ಹಾಗೆ ಬೇರೆ ಮಾಡಿ. ನಾನು ಇದನ್ನು ಉಲ್ಟಾ ಮಾಡಿದ್ದೆ. ದೊಡ್ಡ ದುಡ್ಡು ಕೊಟ್ಟು ದಪ್ಪ ಸೂಟ್ ತಗೊಂಡೆ, ನೇತ್ರಾಣಿಗೆಂದು ಕೊಂಡಿದ್ದ ರೆಗ್ಯುಲೇಟರನ್ನೇ, ಅಂದರೆ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನವನ್ನೇ, ಸ್ಕಾಟ್ಲೆಂಡಿಗೂ ಒಯ್ದೆ.

ಅಲ್ಲಿನ ನನ್ನ ಮೊದಲ ಚಳಿಗಾಲ. ಸಿಹಿನೀರಿನ ಸರೋವರ, ನೀರು 5 ಡಿಗ್ರಿ. ಸುಮಾರು 18 ಮೀಟರ್ ಆಳದಲ್ಲಿ ಬಾಯಲ್ಲಿದ್ದ ರೆಗ್ಯುಲೇಟರ್ ಇದ್ದಕ್ಕಿದ್ದ ಹಾಗೆ ಭೋರ್ಗರೆಯತೊಡಗಿತು. ನಲ್ಲಿಯ ತಿರುಪು ಕಿತ್ತು ಕೈಗೆ ಬಂದರೆ ಹೇಗೋ ಹಾಗೆ, ನಿಲ್ಲಿಸುವುದಕ್ಕೇ ಆಗಲಿಲ್ಲ. ಮಾಸ್ಕಿನ ಮುಂದೆ ಬರೀ ಗುಳ್ಳೆ. ಗೇಜಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಜೊತೆಗಿದ್ದವರು ತಮ್ಮ ಎರಡನೇ ಕೊಳವೆಯನ್ನು ನನ್ನ ಬಾಯಿಗಿಟ್ಟು, ತೋಳು ಹಿಡಿದು ಮೇಲೆ ತಂದರು. ದಡಕ್ಕೆ ಬಂದು ನೋಡಿದರೆ ಸಿಲಿಂಡರಿನಲ್ಲಿ ಉಳಿದ ಒತ್ತಡ 40 ಬಾರ್. ಇಳಿಯುವಾಗ 200 ಇತ್ತು.

ಆಗಿದ್ದೇನು? ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ವಾಲ್ವಿಗೆ ಬೆರಳು ಹಿಡಿದಿದ್ದೀರಲ್ಲ? ತಣ್ಣಗೆ ಕೊರೆಯುತ್ತದೆ. ಒತ್ತಿ ತುಂಬಿದ ಗಾಳಿ ಹಿಗ್ಗಿದರೆ ತಣ್ಣಗಾಗುತ್ತದೆ, ಅಷ್ಟೇ. ಸಿಲಿಂಡರಿನ 200 ಬಾರ್ ಗಾಳಿಯನ್ನು ರೆಗ್ಯುಲೇಟರಿನ ಮೊದಲ ಹಂತ, ಅಂದರೆ ಸಿಲಿಂಡರಿಗೆ ಜೋಡಿಸುವ ಲೋಹದ ಭಾಗ, ಒಂದೇ ಏಟಿಗೆ ಸುತ್ತಲಿನ ನೀರಿನ ಒತ್ತಡಕ್ಕಿಂತ ಹತ್ತು ಬಾರ್‌ನಷ್ಟು ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸಿಬಿಡುತ್ತದೆ. ಆ ಲೋಹ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ನೇತ್ರಾಣಿಯಲ್ಲಿ ಸುತ್ತ 28 ಡಿಗ್ರಿಯ ಕಡಲಿದೆ, ಕಳಕೊಂಡ ಶಾಖವನ್ನು ಅದೇ ತುಂಬಿಕೊಡುತ್ತದೆ. 5 ಡಿಗ್ರಿಯ ನೀರಿಗೆ ಕೊಡಲು ಏನಿದೆ? ಸ್ಪ್ರಿಂಗಿನ ಸುತ್ತ ನಿಂತ ನೀರು ಮಂಜುಗಟ್ಟಿ ವಾಲ್ವು ತೆರೆದ ಹಾಗೇ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿ ಜಾಸ್ತಿ ಹರಿದಷ್ಟೂ ತಂಪು ಜಾಸ್ತಿ, ತಂಪು ಜಾಸ್ತಿಯಾದಷ್ಟೂ ಮಂಜು ಜಾಸ್ತಿ. ಇದಕ್ಕೆ ಫ್ರೀಫ್ಲೋ ಅನ್ನುತ್ತಾರೆ. ಮುಚ್ಚಿಕೊಳ್ಳುವ ಬದಲು ತೆರೆದುಕೊಂಡೇ ಕೆಡುವಂತೆ ಅದನ್ನು ಮಾಡಿರುವುದು ನಮ್ಮ ಪುಣ್ಯ.

ಇನ್ನೊಂದು ಇದೆ, ಹೇಳಲು ನಾಚಿಕೆ. ಇಗೋ ಆ ಹಳೆಯ ರೆಗ್ಯುಲೇಟರ್, ಕೈಯಿಂದ ಕೈಗೆ ದಾಟಿಸಿ ನೋಡಿ. ಬದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇಎನ್ 250 ಎಂದಿದೆ. ಅದು ಯುರೋಪಿನ ಮಾನದಂಡ. ಅದರ ಪಕ್ಕ ಬಾಣದ ಮೊನೆಯಂಥ ಗುರುತು, ಆಮೇಲೆ 10 ಡಿಗ್ರಿ. ಅಂದರೆ 10ಕ್ಕಿಂತ ಬೆಚ್ಚಗಿರುವ ನೀರಿಗೆ ಮಾತ್ರ. ತಣ್ಣೀರಿನ ಪರೀಕ್ಷೆ ಪಾಸಾಗದ್ದಕ್ಕೆ ಆ ಗುರುತು ಹಾಕುತ್ತಾರೆ. ಎರಡು ವರ್ಷ ಇದನ್ನು ತೊಳೆದು ಒರೆಸಿ ಇಟ್ಟವನು ನಾನೇ, ಒಂದು ದಿನವೂ ಓದಿರಲಿಲ್ಲ.

ಹಾಗಾಗಿ ಕೊಳ್ಳುವಾಗ ಕೇಳಬೇಕಾದದ್ದು ಇಷ್ಟು. ಮೊದಲ ಹಂತ ಡಯಾಫ್ರಮ್ ಬಗೆಯದಾಗಿರಲಿ, ಅಂದರೆ ಒಳಗಿನ ವಾಲ್ವನ್ನು ರಬ್ಬರಿನ ತೆಳು ಪರದೆ ನಡೆಸುವಂಥದ್ದು, ಸ್ಪ್ರಿಂಗಿಗೆ ನೀರು ತಾಗದ ಹಾಗೆ ಸೀಲ್ ಮಾಡಿರಲಿ. ಸಿಲಿಂಡರಿಗೆ ಜೋಡಿಸುವ ಕಡೆ ಡಿನ್ ಇರಲಿ, ಅಂದರೆ ತಿರುಪಿನಂತೆ ಒಳಕ್ಕೆ ತಿರುಗಿಸುವ ಬಗೆ. ನೇತ್ರಾಣಿಯ ದೋಣಿಗಳಲ್ಲಿ ನಾನು ಕಂಡ ಸಿಲಿಂಡರುಗಳು ಬಹುಪಾಲು ಹೊರಗಿನಿಂದ ಹಿಡಿಕೆ ಬಿಗಿಯುವ ಯೋಕ್‌ನವು. ಡಿನ್‌ಗೆ ಒಂದು ಅಡಾಪ್ಟರ್ ತಿರುಗಿಸಿದರೆ ಅಲ್ಲೂ ಕೂರುತ್ತದೆ. ಒಳ್ಳೆಯ ರೆಗ್ಯುಲೇಟರ್ ಇದ್ದರೂ ಚಳಿಯಲ್ಲಿ ದಡದ ಮೇಲೆ ನಿಂತು ಅದರಲ್ಲಿ ಉಸಿರಾಡಿ ನೋಡಬೇಡಿ, ಗುಂಡಿ ಒತ್ತಿ ಬುಸ್ ಅನ್ನಿಸಬೇಡಿ. ಉಸಿರೆಳೆದುಕೊಳ್ಳುತ್ತಲೇ ತೇಲಿಸುವ ಜಾಕೆಟ್ಟಿಗೂ ಗಾಳಿ ತುಂಬಬೇಡಿ.

ಇನ್ನು ಬಟ್ಟೆ. ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ನೀರು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಕಡೆಯವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಕಂಬಳಿ ಕೊಪ್ಪೆ ನೆನೆದು ತೊಪ್ಪೆಯಾದರೂ ಒಳಗೆ ಬೆಚ್ಚಗೇ ಇರುತ್ತದೆ. ವೆಟ್‌ಸೂಟ್ ಅಂದರೆ ಅದೇ. ನೀರು ಒಳಗೆ ಬರುತ್ತದೆ, ಆದರೆ ಓಡಾಡುವುದಿಲ್ಲ. ಎಲೆಯಿಂದ ಹೆಣೆದ ಮಳೆಯ ಗೊರಬು ನೀರನ್ನು ಒಳಕ್ಕೇ ಬಿಡುವುದಿಲ್ಲ, ಆದರೆ ಅದರಿಂದಲೇ ಬೆಚ್ಚಗಾಗುವುದಿಲ್ಲ, ಅಡಿಯಲ್ಲಿ ಏನು ಹಾಕಿದ್ದೀರಿ ಅನ್ನುವುದೇ ಮುಖ್ಯ. ತೆಳು ಬಟ್ಟೆಯ ಡ್ರೈಸೂಟ್ ಅದು. ಆದ್ದರಿಂದಲೇ ಒಂದೇ ಡ್ರೈಸೂಟ್, ಒಳಗಿನ ಉಣ್ಣೆ ಬದಲಾಯಿಸಿಕೊಂಡರೆ 4 ಡಿಗ್ರಿಯಿಂದ 15ರವರೆಗೆ ನಡೆಯುತ್ತದೆ. 28ಕ್ಕೆ ಮಾತ್ರ ಬೇಡ. ಮುರ್ಡೇಶ್ವರದ ಬಿಸಿಲಿನಲ್ಲಿ ಒಂದು ಗಂಟೆಗೂ ಮೀರಿ ದೋಣಿಯಲ್ಲಿ ಕೂತರೆ ಒಳಗೆ ಬೆಂದುಹೋಗುತ್ತೀರಿ. ಅಲ್ಲಿಗೆ 3 ಮಿಲಿಮೀಟರ್ ಸಾಕು. ಕೆಲವರು ಬರೀ ಲೈಕ್ರಾದಲ್ಲಿ ಇಳಿಯುತ್ತಾರೆ, ಅದು ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್, ತಾಗದಿರಲಿ ಅಂತ.

'7 ಮಿಲಿಮೀಟರಿನ ವೆಟ್‌ಸೂಟ್ ಹಾಕಿದರೆ ಎಲ್ಲ ಕಡೆ ಆಗದೇ?' ಅನ್ನುವವರಿಗೆ: ವೆಟ್‌ಸೂಟಿನ ನಿಯೋಪ್ರೀನ್ ಅಂದರೆ ರಬ್ಬರಿನೊಳಗಿನ ಸಣ್ಣ ಸಣ್ಣ ಗುಳ್ಳೆಗಳು. ಬೆಚ್ಚಗಿಡುವುದು ಅವೇ. 10 ಮೀಟರಿಗೆ ಒತ್ತಡ ಎರಡರಷ್ಟು, 30 ಮೀಟರಿಗೆ ನಾಲ್ಕರಷ್ಟು. ಗುಳ್ಳೆಗಳು ಚಪ್ಪಟೆಯಾಗುತ್ತವೆ. ಅಂಗಡಿಯಲ್ಲಿ ಮುಟ್ಟಿ ನೋಡಿದ 7 ಮಿಲಿಮೀಟರ್ ಕೆಳಗೆ 7 ಆಗಿ ಉಳಿದಿರುವುದಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಕೊಲ್ಲಿ ಇದೆ. 1919ರ ಜೂನ್ 21ರಂದು ಜರ್ಮನರು ತಮ್ಮ ಯುದ್ಧನೌಕೆಗಳನ್ನು ತಾವೇ ಮುಳುಗಿಸಿದ ಜಾಗ. ದೊಡ್ಡ ನೌಕೆಗಳು ಮಲಗಿರುವುದು 35ರಿಂದ 45 ಮೀಟರ್ ಆಳದಲ್ಲಿ. ಬೇಸಿಗೆ ಕೊನೆಯಲ್ಲೂ ನೀರು 13 ಡಿಗ್ರಿ ಆಸುಪಾಸು. ಆ ಉಕ್ಕಿನ ಗೋಡೆಯ ಪಕ್ಕ ಹಲ್ಲು ಕಟಕಟಿಸುತ್ತಾ ತೇಲುವುದರಲ್ಲಿ ಯಾವ ಸುಖವೂ ಇಲ್ಲ.

ಬ್ಯಾಟರಿಯಿಂದ ಬಿಸಿಯಾಗುವ ಒಳಅಂಗಿಗಳು ಬಂದಿವೆ. ನಾನು ಇನ್ನೂ ಕೊಂಡಿಲ್ಲ. ಕೆಳಗಿರುವಾಗ ಬೆಚ್ಚಗಿದ್ದು, ಮೇಲೆ ಬರುತ್ತಾ ಚಳಿ ಹತ್ತಿದರೆ ಮೈಯೊಳಗೆ ಕರಗಿದ ಅನಿಲ ಗುಳ್ಳೆಯಾಗಿ ಕಾಡುವ ಡಿಕಂಪ್ರೆಶನ್ ಕಾಯಿಲೆಯ ಅಪಾಯ ಹೆಚ್ಚುತ್ತದೆಂದು ಅಮೆರಿಕದ ನೌಕಾಪಡೆಯ ಪ್ರಯೋಗ 2007ರಲ್ಲೇ ತೋರಿಸಿದೆ. ಬ್ಯಾಟರಿ ನಡುದಾರಿಯಲ್ಲಿ ಕೈಕೊಟ್ಟರೆ ಆಗುವುದು ಅದೇ.

ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ನೇತ್ರಾಣಿಯಲ್ಲಿ ನನ್ನ ಸೊಂಟಕ್ಕೆ 4 ಕಿಲೋ, ಅಲ್ಲಿ ಡ್ರೈಸೂಟಿನಲ್ಲಿ 12. ಒಳಗೆ ಅಷ್ಟು ಗಾಳಿ ಇದೆಯಲ್ಲ. ಪ್ರವಾಸಕ್ಕೆಂದು ಮಾಡಿದ ಹಗುರ ಜಾಕೆಟ್ ಆ ಭಾರವನ್ನು ಮೇಲೆತ್ತಲು ತಿಣುಕುತ್ತದೆ, ಜಾಕೆಟ್ ಕೊಳ್ಳುವ ಮೊದಲು ಇದನ್ನು ನೋಡಿ. ಸಿಹಿನೀರಿಗೆ ಹೋದರೆ ಉಪ್ಪುನೀರಿಗಿಂತ ಎರಡು ಕಿಲೋ ಕಡಿಮೆ ಸಾಕು. ನಮ್ಮಲ್ಲಿ ಸಾಮಾನ್ಯವಾದ ಅಲ್ಯೂಮಿನಿಯಮ್ ಸಿಲಿಂಡರ್ ಖಾಲಿಯಾಗುತ್ತಾ ತೇಲತೊಡಗುತ್ತದೆ, ಅಲ್ಲಿನ ಉಕ್ಕಿನದು ತೇಲುವುದಿಲ್ಲ. ಊರು ಬದಲಾದರೆ ಮೊದಲ ದಿನ ಆಳವಿಲ್ಲದ ಕಡೆ ಇಳಿದು ಹೊಸದಾಗಿ ತೂಗಿನೋಡಿಕೊಳ್ಳಿ.

ಮಾಸ್ಕು, ಆಳ ಮತ್ತು ಹೊತ್ತು ತೋರಿಸುವ ಕೈಕಂಪ್ಯೂಟರ್ ಎರಡು ಕಡೆಗೂ ಒಂದೇ. ಕಾಲಿಗೆ ಹಾಕುವ ಫಿನ್ ಮಾತ್ರ ಡ್ರೈಸೂಟಿನ ಬೂಟು ತೂರುವಷ್ಟು ದೊಡ್ಡದಿರಲಿ. ಡ್ರೈಸೂಟಿಗೆ ಬೇರೆ ತರಬೇತಿ ಬೇಕೇ ಬೇಕು. ಗಾಳಿ ಕಾಲಿಗೆ ಹೋಗಿ ತಲೆಕೆಳಗಾದರೆ ಬಿಡಿಸಿಕೊಳ್ಳುವುದನ್ನು ಓದಿ ಕಲಿಯಲಾಗದು.

ಕೈಗವಸಿನ ಬಗ್ಗೆ ನಾನು ಮಾತಾಡುವುದಿಲ್ಲ. ಆ ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿದ ನೀರಿದೆ. ಎರಡು ನಿಮಿಷ ಬರಿಗೈ ಮುಳುಗಿಸಿ, ಆಮೇಲೆ ಈ ಹಿತ್ತಾಳೆಯ ಕ್ಲಿಪ್ಪನ್ನು ಒಂದೇ ಕೈಯಲ್ಲಿ ಬಿಚ್ಚಬೇಕು. ಮೊದಲು ಯಾರು ಬರ್ತೀರಿ?