ಕೊನೆಯ ಇನ್ನೂರು ಮೀಟರ್

ಕೇಳುಗರಿಗೆ ನಮಸ್ಕಾರ.

1941ರ ಮಾರ್ಚ್ 16ರ ರಾತ್ರಿ, ಎರಡನೇ ಮಹಾಯುದ್ಧದ ಕಾಲ. ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಬ್ರಿಟನ್ನಿಗೆ ಹೊರಟ 41 ಸರಕು ಹಡಗುಗಳು ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಸಾಲುಗಟ್ಟಿ ಸಾಗುತ್ತಿವೆ. ಎಚ್‌ಎಕ್ಸ್ 112 ಎಂದು ಆ ತಂಡದ ಹೆಸರು. ಬೆಂಗಾವಲಿನ ಮುಖ್ಯಸ್ಥರು ಕಮಾಂಡರ್ ಡೊನಾಲ್ಡ್ ಮ್ಯಾಕಿಂಟೈರ್. ಹುಟ್ಟಿದ್ದು ನಮ್ಮ ಡೆಹ್ರಾಡೂನಿನಲ್ಲಿ, 1904ರಲ್ಲಿ. ಅವರ ಡೆಸ್ಟ್ರಾಯರ್, ಅಂದರೆ ವೇಗದ ಯುದ್ಧನೌಕೆ, ವಾಕರ್; ಮೊದಲ ಮಹಾಯುದ್ಧದ ಕಾಲದ ಮುದಿ ಹಡಗು.

ಆ ರಾತ್ರಿ ಆರು ಹಡಗುಗಳಿಗೆ ಟಾರ್ಪೆಡೊ ಬಡಿಯಿತು, ಐದು ಹೋದವು. ಹೊಡೆದವನು ಜರ್ಮನ್ ಜಲಾಂತರ್ಗಾಮಿ ಯು-99ರ ಕಪ್ತಾನ ಒಟ್ಟೊ ಕ್ರೆಚ್‌ಮರ್. ಬೆಂಗಾವಲು ಹಡಗುಗಳು ಹೊರಗೆ ಕಣ್ಣಿಟ್ಟಿದ್ದರೆ, ಈತ ನೀರಿನ ಮೇಲೆಯೇ ತೇಲುತ್ತ ಸಾಲುಗಳ ನಡುವೆ ನುಗ್ಗಿದ್ದ. ನೀರೊಳಗೆ ಶಬ್ದ ಕಳಿಸಿ ಮಾರ್ದನಿ ಹಿಡಿಯುವ ಆಸ್ಡಿಕ್ ಯಂತ್ರಕ್ಕೆ ಮೇಲೆ ತೇಲುವ ಜಲಾಂತರ್ಗಾಮಿ ಸಿಗುವುದು ಬಲು ಕಷ್ಟ.

ಮುಳುಗಿದರೆ ಸಿಗುತ್ತದೆ, ಆದರೆ ಆಗಲೂ ಒಂದು ತೊಡಕಿದೆ. ಆಸ್ಡಿಕ್‌ನ ಶಬ್ದ ಮುಂದಕ್ಕೆ ಚಾಚಿಕೊಂಡು ಹೋಗುತ್ತದೆ. ಹಡಗು ಹತ್ತಿರ ಬಂದಂತೆ ಆಳದಲ್ಲಿರುವ ಜಲಾಂತರ್ಗಾಮಿ ಆ ಶಬ್ದದ ಕೆಳಗೆ ಜಾರಿಬಿಡುತ್ತದೆ. ಕೊನೆಯ ಇನ್ನೂರು ಮೀಟರ್ ಸುಮಾರು ಕುರುಡು ಓಟವೇ. 15 ನಾಟ್ ವೇಗದಲ್ಲಿ ಅದಕ್ಕೆ 25 ಸೆಕೆಂಡು ಬೇಕು. ಆಮೇಲೆ ಹಡಗಿನ ಹಿಂಭಾಗದಿಂದ ಉರುಳಿಸಿದ ಡೆಪ್ತ್ ಚಾರ್ಜ್, ಅಂದರೆ ಆಳದಲ್ಲಿ ಸಿಡಿಯುವ ಬಾಂಬು, ಸೆಕೆಂಡಿಗೆ ಮೂರು ಮೀಟರಿನಂತೆ ಇಳಿಯುತ್ತದೆ. 90 ಮೀಟರ್ ಆಳಕ್ಕೆ ಇನ್ನೂ ಅರ್ಧ ನಿಮಿಷ. ಅದರೊಳಗೆ 130 ಕಿಲೋ ಸಿಡಿಮದ್ದಿದ್ದರೂ ಜಲಾಂತರ್ಗಾಮಿಯ ಒಡಲು ಸೀಳಬೇಕಾದರೆ ಏಳೆಂಟು ಮೀಟರ್ ಹತ್ತಿರ ಸಿಡಿಯಬೇಕು. ಈ ಐವತ್ತೈದು ಸೆಕೆಂಡಿನಲ್ಲಿ ಒಳಗಿನ ಕಪ್ತಾನ ನೂರು ಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಸಾಲದೆಂಬಂತೆ, ಸಿಡಿದ ನೀರು ಸುಮಾರು ಹೊತ್ತು ಕದಡಿಕೊಂಡಿದ್ದು ಮಾರ್ದನಿಯನ್ನೇ ಮುಚ್ಚಿಹಾಕುತ್ತದೆ.

ನಡುರಾತ್ರಿ ದಾಟಿದ ಮೇಲೆ ಇನ್ನೊಂದು ಜಲಾಂತರ್ಗಾಮಿ, ಯು-100, ಡೆಪ್ತ್ ಚಾರ್ಜ್ ಪೆಟ್ಟಿಗೆ ಮೇಲೆದ್ದಿತು. ಜೊತೆಗಿದ್ದ ಡೆಸ್ಟ್ರಾಯರ್ ವ್ಯಾನೋಕ್‌ನ ರಾಡಾರಿಗೆ ಅದು ಸುಮಾರು 900 ಮೀಟರಿನಲ್ಲಿ ಕಂಡಿತು. ಆಗಿನ ರಾಡಾರಿನ ಆಂಟೆನಾ ಕಂಬಕ್ಕೆ ಬಿಗಿದದ್ದು, ತಿರುಗದು. ಆದರೂ ಅಷ್ಟು ಸಾಕಾಯಿತು. ವ್ಯಾನೋಕ್ ನೇರವಾಗಿ ಗುದ್ದಿ ಅದನ್ನು ಮುಳುಗಿಸಿತು. ಅದರ ಕಪ್ತಾನ ಯೊಆಕಿಮ್ ಶೆಪ್ಕೆ ಸತ್ತ.

ವ್ಯಾನೋಕ್ ಬದುಕಿದವರನ್ನು ಎತ್ತಿಕೊಳ್ಳುತ್ತ ನಿಂತಿದ್ದಾಗ ವಾಕರ್ ಸುತ್ತ ಕಾವಲು ತಿರುಗುತ್ತಿತ್ತು. ಆಗ ಆಸ್ಡಿಕ್ ಚಾಲಕನಿಗೆ ಮಾರ್ದನಿ ಕೇಳಿತು. ಕದಡಿದ ನೀರಿನ ಸದ್ದಿರಬಹುದೆಂಬ ಅನುಮಾನ ಮೇಲಿನವರಿಗೆ. ಅವನೋ, ಜಲಾಂತರ್ಗಾಮಿಯೇ ಎಂದು ಪಟ್ಟು ಹಿಡಿದ. ಮ್ಯಾಕಿಂಟೈರ್ ಅವನ ಕಿವಿಯನ್ನು ನಂಬಿದರು. ನನ್ನ ಲೆಕ್ಕದಲ್ಲಿ ಆ ರಾತ್ರಿಯ ದೊಡ್ಡ ತೀರ್ಮಾನ ಅದೇ. ಆರು ಡೆಪ್ತ್ ಚಾರ್ಜ್ ಬಿದ್ದವು, ಯು-99 ಮೇಲೆದ್ದಿತು. ಟಾರ್ಪೆಡೊಗಳೆಲ್ಲ ಖಾಲಿಯಾಗಿ ಅದು ಮನೆಕಡೆ ಹೊರಟಿತ್ತು. ಅದರ ಮೇಲೆ ಕಾವಲಿನಲ್ಲಿದ್ದ ಅಧಿಕಾರಿ ಡೆಸ್ಟ್ರಾಯರ್ ಕಂಡೊಡನೆ ಯು-99ನ್ನು ನೀರೊಳಗೆ ಇಳಿಸಿದ್ದೇ ಎಡವಟ್ಟಾಯಿತು. ರಾತ್ರಿ ಮೇಲೆಯೇ ಉಳಿಯಬೇಕೆಂಬುದು ಕ್ರೆಚ್‌ಮರ್‌ನ ಪಾಠ. ಮುಳುಗುತ್ತಿದ್ದೇವೆಂದು ಅವನು ದೀಪದ ಸನ್ನೆ ಕಳಿಸಿದ. 43 ಜನರಲ್ಲಿ 40 ಮಂದಿ ಸೆರೆಸಿಕ್ಕರು, ಅವನೂ ಸೇರಿ. ಅವನ ದುರ್ಬೀನು ಮ್ಯಾಕಿಂಟೈರ್ ಪಾಲಾಯಿತು.

ಮುಂದೆ ಅವರಿಗೆ ಹೆಸ್ಪೆರಸ್ ಎಂಬ ಡೆಸ್ಟ್ರಾಯರ್ ಸಿಕ್ಕಿತು. 1942ರ ಡಿಸೆಂಬರ್ 26ರಂದು ಅದರಿಂದ ಯು-357ನ್ನು ಗುದ್ದಿ ಮುಳುಗಿಸಿದರು. ಗುದ್ದು ಅಗ್ಗದ್ದಲ್ಲ, ಹೆಸ್ಪೆರಸ್‌ನ ತಳ ಹರಿದು ರಿಪೇರಿಗೆ ಹೋಗಬೇಕಾಯಿತು. 1943ರ ಮಾರ್ಚಿನಲ್ಲಿ ಹಾರ್ವೆಸ್ಟರ್ ಎಂಬ ಡೆಸ್ಟ್ರಾಯರ್ ಹೀಗೆಯೇ ಗುದ್ದಿ, ಕೆಟ್ಟು ನಿಂತು, ಇನ್ನೊಂದು ಜಲಾಂತರ್ಗಾಮಿಗೆ ಬಲಿಯಾಯಿತು.

ಕುರುಡು ಓಟಕ್ಕೆ ಸರಿಯಾದ ಮದ್ದು ಹೆಜ್‌ಹಾಗ್ ಎಂಬ ಆಯುಧ. 24 ಸಣ್ಣ ಬಾಂಬುಗಳನ್ನು ಹಡಗಿನ ಮುಂದಕ್ಕೆ ಇನ್ನೂರು ಮೀಟರ್ ಆಚೆಗೆ ಎಸೆಯುತ್ತದೆ, ಅಂದರೆ ಮಾರ್ದನಿ ಇನ್ನೂ ಕೇಳುತ್ತಿರುವಾಗಲೇ. ತಾಗಿದರೆ ಮಾತ್ರ ಸಿಡಿಯುತ್ತದೆ, ತಪ್ಪಿದರೆ ನೀರು ಕದಡುವುದಿಲ್ಲ. ನಾವಿಕರಿಗೆ ಮೊದಮೊದಲು ಇದೇ ರುಚಿಸಲಿಲ್ಲ. ಸದ್ದಿಲ್ಲದ ಆಯುಧವನ್ನು ಯಾರು ನಂಬುತ್ತಾರೆ? 1943ರ ಏಪ್ರಿಲ್ 23ರಂದು ಹೆಸ್ಪೆರಸ್ ಯು-191ನ್ನು ಮುಳುಗಿಸಿದ್ದು ಹೆಜ್‌ಹಾಗ್‌ನಿಂದಲೇ.