ಅಂಗಿ ಎತ್ತಿ, ಉಸಿರು ಎಣಿಸಿ

ಕೇಳುಗರಿಗೆ ನಮಸ್ಕಾರ. ಐದು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಮಳೆಗಾಲ ಹಿಡಿದು ಶಿವರಾತ್ರಿಯವರೆಗೂ ಕೆಮ್ಮು, ನೆಗಡಿ ಇದ್ದದ್ದೇ. ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಶ್ವಾಸಕೋಶಕ್ಕೆ ಇಳಿದು ಕೂತರೆ ಅದು ನ್ಯುಮೋನಿಯಾ. ಯಾವುದು ಹೋಗುವಂಥದ್ದು, ಯಾವುದು ಇಳಿದದ್ದು ಎಂದು ತಿಳಿಯಲು ನಿಮಗೆ ಸ್ಟೆತಸ್ಕೋಪ್ ಬೇಡ, ಎಕ್ಸ್-ರೇ ಬೇಡ, ಸೆಕೆಂಡು ತೋರಿಸುವ ಗಡಿಯಾರ ಸಾಕು. ಅಂಗಿ ಎತ್ತಿ, ಒಂದು ನಿಮಿಷ ಉಸಿರು ಎಣಿಸಿ. ನಾನು ಹೇಳಲು ಬಂದಿರುವುದು ಇದೊಂದನ್ನೇ.

ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಮಲಗಿದ್ದರೆ ಬಹಳ ಒಳ್ಳೆಯದು, ಎಬ್ಬಿಸಬೇಡಿ. ಬೆಳಕು ಚೆನ್ನಾಗಿರಲಿ. ಅಂಗಿ ಎದೆಯ ಮೇಲಕ್ಕೆ ಸರಿಸಿ, ಹೊಟ್ಟೆ ನೋಡಿ. ಅದು ಒಮ್ಮೆ ಏರಿ ಇಳಿದರೆ ಒಂದು ಉಸಿರು. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು ಎಣಿಸಲಿ. ಪೂರ್ತಿ 60 ಸೆಕೆಂಡು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಬೇಡ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ.

ಈಗ ಅಂಕಿ, ಬರೆದುಕೊಳ್ಳಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60. ಎರಡು ತಿಂಗಳು ತುಂಬಿ ವರ್ಷ ತುಂಬದ ಮಗುವಿಗೆ 50. ಒಂದರಿಂದ ಐದು ವರ್ಷದ ಮಗುವಿಗೆ 40. ಕೆಮ್ಮುತ್ತಿರುವ ಮಗುವಿನ ಎಣಿಕೆ ಈ ಅಂಕಿ ಮುಟ್ಟಿದರೂ ಸರಿ, ದಾಟಿದರೂ ಸರಿ, ಅವತ್ತೇ ವೈದ್ಯರ ಬಳಿಗೆ. ಎರಡು ತಿಂಗಳೊಳಗಿನ ಕೂಸಾದರೆ ಇನ್ನೊಮ್ಮೆ ಎಣಿಸಿ. ಮತ್ತೆ 60 ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಉಸಿರು ಯಾಕೆ ಏರುತ್ತದೆ? ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿ ಅದು ಬಿಗಿಯಾಗುತ್ತದೆ. ಒಂದೊಂದು ಉಸಿರಿಗೆ ಸಿಗುವ ಗಾಳಿ ಕಡಿಮೆ. ಆ ಕೊರತೆ ತುಂಬಲು ಮಗು ಹೆಚ್ಚು ಸಲ ಉಸಿರಾಡುತ್ತದೆ. ಇನ್ನೂ ಬಿಗಿಯಾದರೆ ಎಳೆಯ ಪಕ್ಕೆಲುಬು ಸೋಲುತ್ತದೆ. ಉಸಿರೆಳೆದಾಗ ಎದೆಯ ಕೆಳಭಾಗ ಉಬ್ಬುವ ಬದಲು ಒಳಕ್ಕೆ ಹೋಗುತ್ತದೆ. ಪಕ್ಕೆ ಸೆಳೆತ ಅನ್ನುವುದು ಇದನ್ನೇ. ಅಂಗಿಯ ಮೇಲಿಂದ ಇದು ಕಾಣುವುದಿಲ್ಲ. ಅದಕ್ಕೇ ಅಂಗಿ ಎತ್ತಿ ಅಂದದ್ದು.

ನಮಗೆ ಇದೆಲ್ಲ ಬರುವುದಿಲ್ಲ ಎಂದು ಕೆಲವರು ಈಗಾಗಲೇ ಅಂದುಕೊಂಡಿರುತ್ತೀರಿ. ಅವರಿಗೆ ಗಡಚಿರೋಲಿಯ ವಿಷಯ ಹೇಳುತ್ತೇನೆ. ಮಹಾರಾಷ್ಟ್ರದ ಕಾಡುಜಿಲ್ಲೆ ಅದು. 1980ರ ದಶಕದಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಅಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿದರು. ಹಳ್ಳಿಯಲ್ಲಿ ನ್ಯುಮೋನಿಯಾದಿಂದ ಕೂಸು ಸಾಯುತ್ತಿತ್ತು, ಆಸ್ಪತ್ರೆ ದೂರ, ವೈದ್ಯರಿಲ್ಲ. ಇದ್ದವರು ಸೂಲಗಿತ್ತಿಯರು, ಓದು ಬಾರದವರು. 50ರವರೆಗೆ ತಪ್ಪದೆ ಎಣಿಸುವುದು ಅವರಲ್ಲಿ ಅನೇಕರಿಗೆ ಆಗದ ಮಾತು. ಆಗ ಬಂಗ್ ದಂಪತಿ ಒಂದು ಸಣ್ಣ ಸಾಧನ ಮಾಡಿದರು. ಒಂದು ನಿಮಿಷಕ್ಕೆ ಬರಿದಾಗುವ ಮರಳುಗಡಿಯಾರ, ಪಕ್ಕದಲ್ಲಿ ಪೋಣಿಸಿದ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಆಗಿನ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಕೂಸಿಗೆ ಆರು ಮಣಿ, ಅದಕ್ಕಿಂತ ದೊಡ್ಡ ಮಗುವಿಗೆ ಐದು. ಮರಳು ಮುಗಿಯುವ ಮೊದಲೇ ಕೊನೆಯ ಕೆಂಪು ಮಣಿ ಸರಿಯಿತೋ, ನ್ಯುಮೋನಿಯಾ ಇದೆ ಎಂದರ್ಥ. ಹತ್ತು ಎಣಿಸಲು ಬಂದರೆ ಆಯಿತು! ಕಾಯಿಲೆಯನ್ನು ಹಳ್ಳಿಯಲ್ಲೇ ಗುರುತಿಸಿ, ಅಲ್ಲೇ ಔಷಧಿ ಕೊಡುವ ಅವರ ಪ್ರಯೋಗದ ಫಲ 1990ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರಯೋಗ ನಡೆದ ಊರುಗಳಲ್ಲಿ ನ್ಯುಮೋನಿಯಾ ಸಾವು ಉಳಿದ ಊರುಗಳ ಅರ್ಧಕ್ಕಿಂತ ಕಡಿಮೆ. ಆ ಸೂಲಗಿತ್ತಿಯರ ಕೈಲಾದದ್ದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡಿರುವ ನಮ್ಮ ಕೈಲಿ ಆಗುವುದಿಲ್ಲವೇ?

ಗಡಚಿರೋಲಿಯಲ್ಲೇ ಹೊತ್ತು ಹೋಯಿತು. ಬೇಡದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂಗಿಗೆ ಎಣ್ಣೆ, ತುಪ್ಪ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಬೇರೊಂದು ನ್ಯುಮೋನಿಯಾ ತರುತ್ತದೆ. ಕರ್ಪೂರ ಹಚ್ಚಬೇಡಿ, ಎಳೆಮಗುವಿಗೆ ಅದರಿಂದ ಫಿಟ್ಸ್ ಬರಬಹುದು. ಸಾಂಬ್ರಾಣಿ ಹೊಗೆ ಬೇಡ. ವರ್ಷ ತುಂಬುವ ತನಕ ಜೇನು ನೆಕ್ಕಿಸಬೇಡಿ. ಹೊಟ್ಟೆಗೆ ಬರೆ ಹಾಕಬೇಡಿ ಎಂದು ಇನ್ನೂ ಹೇಳಬೇಕಾಗಿ ಬಂದಿದೆಯಲ್ಲ ಎಂದು ಬೇಸರವಾಗುತ್ತದೆ. ಇನ್ನು ಅಂಗಡಿಯಲ್ಲಿ ಕೇಳಿ ತರುವ ಕೆಮ್ಮಿನ ಸಿರಪ್ಪು: 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲಬೆರಕೆ ಸಿರಪ್ಪು ಕುಡಿದು ಕಿಡ್ನಿ ಕೆಟ್ಟು ಮಕ್ಕಳು ಸತ್ತವು. ಕಲಬೆರಕೆ ಇಲ್ಲದಿದ್ದರೂ ಅದು ಸಣ್ಣ ಮಗುವಿನ ನೆಗಡಿಯನ್ನು ಒಂದು ದಿನವೂ ಬೇಗ ವಾಸಿ ಮಾಡುವುದಿಲ್ಲ.

ಎಣಿಕೆ ಕಡಿಮೆ ಇದೆ, ಮಗು ಆಡುತ್ತಿದೆ ಅಂದರೆ ಮನೆಯಲ್ಲೇ ನೋಡಿಕೊಳ್ಳಿ. ಮೂಗು ಕಟ್ಟಿದ್ದರೆ ಹಾಲು ಕೊಡುವ ಮುಂಚೆ ಸಲೈನ್ ಡ್ರಾಪ್ಸ್, ಹೊಳ್ಳೆಗೆ ಎರಡೆರಡು ಹನಿ. ಎದೆಹಾಲು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅಳತೆ ಮಗುವಿನ ತೂಕಕ್ಕೆ, ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. ವಯಸ್ಸಿನ ಅಂದಾಜಿಗೆ ಅಲ್ಲ. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಮತ್ತೆ ಅಂಗಿ ಎತ್ತಿ ಎಣಿಸಿ. ಬೆಳಿಗ್ಗೆ 36 ಇದ್ದದ್ದು ರಾತ್ರಿಗೆ 48 ಆಗಿರಬಹುದು.

ಪಕ್ಕೆ ಸೆಳೆತ, ಉಸಿರು ಬಿಡುವಾಗ ಪ್ರತಿ ಸಲ ನರಳಿಕೆ, ಸುಮ್ಮನಿದ್ದಾಗಲೂ ಉಸಿರೆಳೆದರೆ ಕರ್ಕಶ ಸದ್ದು, ತುಟಿ ನೀಲಿ, ಹಾಲು ಬಿಟ್ಟದ್ದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್: ಇವುಗಳಲ್ಲಿ ಒಂದಿದ್ದರೂ 108. ಮಗುವನ್ನು ಬಿಗಿಯಾಗಿ ಸುತ್ತಬೇಡಿ, ತಲೆ ಎತ್ತರಕ್ಕೆ ಬರುವಂತೆ ಎತ್ತಿಕೊಳ್ಳಿ, ದಾರಿಯಲ್ಲಿ ಬಲವಂತವಾಗಿ ಏನೂ ಕುಡಿಸಬೇಡಿ. ವೈದ್ಯರ ಮುಂದೆ ‘ತುಂಬಾ ಕೆಮ್ಮು ಸಾರ್’ ಎನ್ನುವ ಬದಲು ‘ಹತ್ತು ತಿಂಗಳ ಮಗು, ನಿಮಿಷಕ್ಕೆ 58, ಮಧ್ಯಾಹ್ನದಿಂದ ಪಕ್ಕೆ ಸೆಳೆತ’ ಎನ್ನಿ.

ನೆಗಡಿಯೇ ಇಲ್ಲದೆ, ಆಡುತ್ತಿದ್ದ ಮಗುವಿಗೆ ದಿಢೀರನೆ ಕೆಮ್ಮು ಬಂದು ಉಸಿರು ಸಿಕ್ಕಿಕೊಂಡರೆ ಶೇಂಗಾ, ಹುಣಸೆಬೀಜ ಏನಾದರೂ ಗಂಟಲಲ್ಲಿದೆಯೋ ಎಂದು ಅನುಮಾನಿಸಿ. ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಆಗಲೂ 108.

ಲಸಿಕೆಗೆ ನನಗೆ ಉಳಿದಿರುವುದು ಅರ್ಧ ನಿಮಿಷ. ನ್ಯುಮೋನಿಯಾ ತಡೆಯುವ ಪಿಸಿವಿ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ತಾಯಿ ಕಾರ್ಡು ತೆಗೆದು ನೋಡಿ. ಆ ಮೂರರಲ್ಲಿ ಯಾವ ಜಾಗ ಖಾಲಿ ಇದ್ದರೂ ಆಶಾ ಕಾರ್ಯಕರ್ತೆಗೆ ನಾಳೆಯೇ ಹೇಳಿ. ನಮಸ್ಕಾರ.